ಓ-ರಿಂಗ್ ಮೇಲಿನ ಕೂದಲು

ನ್ಯೂಟ್ರಾನ್ ಹುಟ್ಟಿಸುವ ನಮ್ಮ ಮೆಷಿನ್‌ನಲ್ಲಿ ಬೆಳಗ್ಗೆಯಿಂದ ವ್ಯಾಕ್ಯೂಮ್ ಉಳಿಯಲೇ ಇಲ್ಲ, ಎಲ್ಲೋ ಗಾಳಿ ಒಳಗೆ ಸೋರುತ್ತಿತ್ತು.

ಒಂದೊಂದೇ ಜಾಯಿಂಟ್ ಸುತ್ತ ಹೀಲಿಯಂ ಬಿಡುತ್ತಾ ಹೋದೆವು. ಕೊನೆಯ ಫ್ಲ್ಯಾಂಜ್ (ಬೋಲ್ಟ್ ಹಾಕಿ ಕೂಡಿಸುವ ಅಂಚು) ಹತ್ತಿರ, ಒಳಗೆ ನುಸುಳಿದ ಹೀಲಿಯಂ ಹಿಡಿಯುವ ಲೀಕ್ ಡಿಟೆಕ್ಟರ್ ಕೂಗಿತು. ಬಿಚ್ಚಿ ನೋಡಿದರೆ ಸೀಲ್ ಮಾಡುವ ಕಪ್ಪು ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಒಂದು ಕೂದಲು. ಅಷ್ಟೇ!

ಡ್ಯೂಟೀರಿಯಂ (ಭಾರ ಹೈಡ್ರೋಜನ್) ಡ್ಯೂಟೀರಿಯಂ ಜೊತೆ ಬೆಸೆದರೆ 2.45 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್, ಟ್ರಿಟಿಯಂ ಜೊತೆಯಾದರೆ 14.1. ಪುಸ್ತಕದಲ್ಲಿ ಅದು ಒಂದೇ ಸಾಲು. ದಿನಾ ನಡೆಸೋಕೆ ಹೋದರೆ ಪಂಪು, ಸೀಲು, ಕೂಲಿಂಗ್ ನೀರು, ಹೈ ವೋಲ್ಟೇಜ್ ಕೇಬಲ್ಲು. ನಮ್ಮ ಟೈಮ್ ಜಾಸ್ತಿ ಹೋಗೋದು ಇಲ್ಲೇ.

ನಮ್ಮ ಮೆಷಿನ್‌ನಲ್ಲಿ ಇರೋದು ಡ್ಯೂಟೀರಿಯಂ ಮಾತ್ರ. ಟ್ರಿಟಿಯಂ ಇದ್ದಿದ್ದರೆ ಹೀಗೆ ಸ್ಪ್ಯಾನರ್ ಹಿಡಿದು ಬಿಚ್ಚೋಕೆ ಆಗುತ್ತಿರಲಿಲ್ಲ. ಅದು ವಿಕಿರಣ ಸೂಸುವ ಹೈಡ್ರೋಜನ್, ರಬ್ಬರ್ ಒಳಗೂ ನುಸುಳುತ್ತೆ. ಡಿಸೈನ್ ಮಾಡುವಾಗಲೇ ರಿಪೇರಿ ಮಾಡುವ ಕೈಯನ್ನು ನೆನೆಯಬೇಕು ಅಲ್ವಾ?

ಸಂಜೆ ನಾಲ್ಕಕ್ಕೆ ಬೀಮ್ ಬಂತು. ಸರದಿಗಾಗಿ ಕಾಯುತ್ತಿದ್ದ ಟರ್ಬೈನ್ ಬ್ಲೇಡ್ ಇಟ್ಟು ನ್ಯೂಟ್ರಾನ್‌ಗಳಿಂದ ಅದರ ಒಳಗಿನ ಚಿತ್ರ ತೆಗೆದೆವು. ತಂಪುಗಾಳಿಯ ಸಣ್ಣ ದಾರಿಯೊಳಗೆ, ಎರಕದ ವೇಳೆ ಉಳಿದುಹೋದ ಸೆರಾಮಿಕ್ ಚೂರು ಸ್ಪಷ್ಟವಾಗಿ ಕಂಡಿತು.