ಗೇರ್‌ಬಾಕ್ಸ್ ನೋಡಿ ಕಾರು ಹುಡುಕುವ ಕೆಲಸ: ಇಲ್ಲಿವರೆಗೆ

ಪಟ್ಟಿ ಶುರು

ಬಜೆಟ್ ಎಲ್ಲ ಸೇರಿ 22 ಲಕ್ಷ. ಟರ್ಬೊ ಪೆಟ್ರೋಲ್, ದೊಡ್ಡ ಡಿಕ್ಕಿ, ಓಡಿಸುವವನಿಗೆ ಮಜಾ ಕೊಡುವ ಯುರೋಪಿಯನ್ ಸೆಡಾನ್ ಬೇಕು. ವಾರದಲ್ಲಿ ಕೆಲವು ದಿನ ಬೆಂಗಳೂರಿನ ವಿಜಯನಗರದಿಂದ ಔಟರ್ ರಿಂಗ್ ರೋಡ್ ಕಡೆ ಆಫೀಸು, ಆಗಾಗ ತೀರ್ಥಹಳ್ಳಿಯ ಊರು. ಎಸ್‌ಯುವಿ ಯಾಕೆ ಬೇಡ ಅನ್ನುವ ಚರ್ಚೆ ಮನೆಯಲ್ಲಿ ಸಾಕಷ್ಟು ಆಗಿದೆ. ಇಲ್ಲಿ ಮತ್ತೆ ಬೇಡ.

ಹೊಸದರಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮತ್ತು ಸ್ಕೋಡಾ ಸ್ಲಾವಿಯಾ 1.5. ಎರಡೂ ಒಂದೇ ಹೊಟ್ಟೆಯ ಮಕ್ಕಳು, ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾಗುತ್ತವೆ. ಹಳೆಯದರಲ್ಲಿ ಆಕ್ಟೇವಿಯಾ 1.8, ಆಕ್ಟೇವಿಯಾ ಆರ್‌ಎಸ್ 230, ಆಡಿ ಎ3 ಸೆಡಾನ್, ಎಫ್30 ತಲೆಮಾರಿನ ಬಿಎಂಡಬ್ಲ್ಯು 3 ಸೀರೀಸ್. ಎ3 ಮೊದಲ ವಾರದಲ್ಲೇ ಹೊರಗೆ ಹೋಯಿತು. ಚೆಂದದ ಕಾರು, ಆದರೆ ಹಿಂದಿನ ಸೀಟಿನಲ್ಲಿ ಅಪ್ಪ ತೀರ್ಥಹಳ್ಳಿವರೆಗೆ ಕೂರಲಾರರು.

ಚಾಕಣ್‌ನಲ್ಲಿ ಆದದ್ದು, ಭಾರತಕ್ಕೆಂದೇ ಬದಲಿಸಿದ ಪ್ಲಾಟ್‌ಫಾರ್ಮ್ (ಕಾರಿನ ತಳಪಾಯ) ಮೇಲೆ ಕಟ್ಟಿದ್ದು ಯುರೋಪಿಯನ್ ಕಾರು ಹೇಗಾಗುತ್ತದೆ ಅಂತ ಒಬ್ಬ ಸ್ನೇಹಿತ ವಾದ ಮಾಡಿದ. ನೂರರ ವೇಗದಲ್ಲಿ ಸ್ಟೀರಿಂಗ್ ಹಿಡಿದು ನೋಡು ಅಂದೆ. ಸುಮ್ಮನಾದ.

ಯಾಕೆ ಗೇರ್‌ಬಾಕ್ಸ್

ಮೊದಲು ನಾನೂ ಪವರ್ ಪ್ರಕಾರವೇ ಪಟ್ಟಿ ಬರೆದಿದ್ದೆ. 150 ಪಿಎಸ್ ವರ್ಟಸ್, 180 ಪಿಎಸ್ ಆಕ್ಟೇವಿಯಾ, 230 ಪಿಎಸ್ ಆರ್‌ಎಸ್, 252 ಪಿಎಸ್ 330ಐ (3 ಸೀರೀಸ್‌ನ ಪೆಟ್ರೋಲ್ ಮಾದರಿ). ಆಮೇಲೆ ಯೋಚಿಸಿದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿ.ಮೀ., ಮೇಲೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. ಹೆಚ್ಚಿನ ಪವರ್ ಕೆಲಸಕ್ಕೆ ಬರುವುದು ಲಾರಿ ಹಿಂದಿಕ್ಕುವ ಆ ನಾಲ್ಕೈದು ಸೆಕೆಂಡು. ಉಳಿದ ಹೊತ್ತೆಲ್ಲ ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲ ಗೇರು. ಹಾಗಾಗಿ ಪಟ್ಟಿಯನ್ನು ಗೇರ್‌ಬಾಕ್ಸ್ ಪ್ರಕಾರ ತಿರುಗಾ ಬರೆದೆ. ಪೂರ್ತಿ ಬೇರೆಯೇ ಕ್ರಮ ಬಂತು.

ಆಕ್ಟೇವಿಯಾ 1.8ರಲ್ಲೂ ವರ್ಟಸ್ ಜಿಟಿ ಆಟೋಮ್ಯಾಟಿಕ್‌ನಲ್ಲೂ ಇರುವುದು 7 ಸ್ಪೀಡ್ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕಂಪನಿಯ ಒಳಗಿನ ಹೆಸರು ಡಿಕ್ಯೂ200. ಇದರಲ್ಲಿ ಎರಡು ಕ್ಲಚ್. ಒಂದು 1, 3, 5, 7ನೇ ಗೇರಿಗೆ, ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಮುಂದಿನ ಗೇರು ಮೊದಲೇ ಸಿದ್ಧ ಇರುವುದರಿಂದ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಈ ಕ್ಲಚ್‌ಗಳು ಒಣ ಕ್ಲಚ್‌ಗಳು, ತಣ್ಣಗಾಗಲು ಎಣ್ಣೆ ಇಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಇಂಚಿಂಚು ತೆವಳುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಬರಿಗೈಯಲ್ಲಿ ಹಗ್ಗ ಜಾರಿಸಿದ ಹಾಗೆ, ಬಿಸಿ ಏರುತ್ತಲೇ ಇರುತ್ತದೆ. ಈ ಗೇರ್‌ಬಾಕ್ಸ್ ತಡೆಯುವುದು 250 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮಾತ್ರ. ಆಕ್ಟೇವಿಯಾ 1.8ರ ಟಾರ್ಕ್ ಎಷ್ಟು? ಸರಿಯಾಗಿ 250. ವರ್ಟಸ್ 1.5ರದ್ದು? ಅದೂ 250.

2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಪ್ರಪಂಚದಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಈ ಗೇರ್‌ಬಾಕ್ಸ್‌ನ ಎಣ್ಣೆ (ಕ್ಲಚ್‌ಗಲ್ಲ, ಗೇರುಗಳಿಗೆ ಇರುವುದು) ಬದಲಿಸಲು ವಾಪಸ್ ಕರೆದಿತ್ತು, ಸಿಂಥೆಟಿಕ್ ತೆಗೆದು ಮಿನರಲ್ ಹಾಕಲು. ಆಮೇಲೆ ಬಂದವು ಸುಧಾರಿಸಿವೆ. ವಾರಂಟಿ ಇರುವ ಹೊಸ ಗಾಡಿಯಲ್ಲಿ ನನಗೆ ಭಯ ಇಲ್ಲ. ಆದರೆ ಹತ್ತು ವರ್ಷ ಬೆಂಗಳೂರಿನಲ್ಲೇ ತೆವಳಿದ, ವಾರಂಟಿ ಮುಗಿದ ಗಾಡಿಯಲ್ಲಿ ಮೆಕಟ್ರಾನಿಕ್ಸ್ (ಗೇರು ಬದಲಿಸುವ ಎಲೆಕ್ಟ್ರಾನಿಕ್ ಘಟಕ) ಕೈಕೊಟ್ಟರೆ ಬರುವ ಬಿಲ್ಲಿಗೆ ನನ್ನ ಹತ್ತಿರ ಧೈರ್ಯ ಇಲ್ಲ. ಆಕ್ಟೇವಿಯಾ 1.8 ಹೊರಗೆ. ಇದನ್ನು ಬರೆಯುವಾಗ ಸ್ವಲ್ಪ ಬೇಜಾರಾಯಿತು. ಆ ಬೆಲೆಗೆ ಅಷ್ಟು ಒಳ್ಳೆಯ ಕಾರು ಬೇರೆ ಇಲ್ಲ.

ಆರ್‌ಎಸ್ 230ರಲ್ಲಿ ಇರುವುದು 6 ಸ್ಪೀಡ್ ಡಿಕ್ಯೂ250. ಇದರ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, 350 ಎನ್‌ಎಂ ಟಾರ್ಕ್ ಸಲೀಸಾಗಿ ತಡೆಯುತ್ತವೆ. ಅದಕ್ಕೆ ಪ್ರತಿಯಾಗಿ 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. 3 ಸೀರೀಸ್‌ನಲ್ಲಿ ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೋಮ್ಯಾಟಿಕ್, ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವಂಥದ್ದು. ಟ್ರಾಫಿಕ್‌ನಲ್ಲಿ ಇದಕ್ಕೆ ಸಾಟಿ ಇಲ್ಲ. ಅದರ ಎಣ್ಣೆ ಜೀವಮಾನಕ್ಕೆ ಸಾಕು ಅಂತ ಮಾರುವವರು ಹೇಳುತ್ತಾರೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು ಅನ್ನುವುದು ಸ್ಪಷ್ಟ, ಅಲ್ವಾ?

ಕೊನೆಯದು ಮ್ಯಾನುಯಲ್. ವರ್ಟಸ್ ಜಿಟಿಗೆ 2023ರಲ್ಲಿ 6 ಸ್ಪೀಡ್ ಮ್ಯಾನುಯಲ್ ಬಂತು. ಕ್ಲಚ್ ಹಾಳಾದರೆ ಬೈಯಲು ನನ್ನ ಎಡಗಾಲು ಇದೆ.

3 ಸೀರೀಸ್ ವಾರ

ಓಡಿಸಿದ್ದರಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇದೇ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಸ್ಟೀರಿಂಗ್‌ಗೆ ಬೇರೆ ಕೆಲಸ ಇರುವುದಿಲ್ಲ, ತಿರುಗಿಸುವುದಷ್ಟೇ. ನೆಲಮಂಗಲ ದಾಟಿದ ಮೇಲಿನ ಖಾಲಿ ರಸ್ತೆಯಲ್ಲಿ ಅದು ಗೊತ್ತಾಯಿತು.

ಎಂಜಿನ್ ಆರಿಸುವಾಗ ಮಾತ್ರ ಎಚ್ಚರ ಬೇಕು. 2015ರವರೆಗಿನ 328ಐಯಲ್ಲಿ ಎನ್20 ಎಂಜಿನ್. ಅದರ ಟೈಮಿಂಗ್ ಚೈನಿನ (ಎಂಜಿನ್ನಿನ ಒಳಭಾಗಗಳನ್ನು ಹೊಂದಿಸಿ ತಿರುಗಿಸುವ ಚೈನು) ಪ್ಲಾಸ್ಟಿಕ್ ಗೈಡ್ ಮುರಿಯುವ ಕಥೆ ಎಲ್ಲರಿಗೂ ಗೊತ್ತು. ಮೊದಮೊದಲ 320ಡಿಯ ಎನ್47 ಡೀಸೆಲ್‌ನಲ್ಲಿ ಚೈನು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. ಅದನ್ನು ಮುಟ್ಟಬೇಕಾದರೆ ಅರ್ಧ ಕಾರು ಬಿಚ್ಚಬೇಕು. ಬಿ48 ಎಂಜಿನ್ನಿನ 330ಐ ಇದ್ದುದರಲ್ಲಿ ನಿಶ್ಚಿಂತೆ. ಆದರೆ ನಮ್ಮಲ್ಲಿ ಮಾರಾಟವಾದದ್ದು ಜಾಸ್ತಿ ಡೀಸೆಲ್, ಒಳ್ಳೆಯ 330ಐ ಸಿಗುವುದೇ ಕಷ್ಟ.

ದೆಹಲಿಯಿಂದ ಕಡಿಮೆ ಬೆಲೆಗೆ ತರಿಸಿಕೊಡುತ್ತೇವೆ ಅಂತ ಬ್ರೋಕರ್‌ಗಳು ಫೋನ್ ಮಾಡಿದರು. ಅಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿ ಇದ್ದುದರಿಂದ ವಯಸ್ಸಾದವು ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ಮತ್ತೆ ರಸ್ತೆ ತೆರಿಗೆ ಕಟ್ಟಿ, ಕೆಎ ನಂಬರ್ ಹಾಕಿಸುವ ಹೊತ್ತಿಗೆ ಆ ಅಗ್ಗ ಕರಗಿರುತ್ತದೆ. ಬೇಡ ಅಂದೆ.

3 ಸೀರೀಸ್ ಬಿಟ್ಟದ್ದು ಕೊನೆಗೆ ಒಂದೇ ಕಾರಣಕ್ಕೆ. ವಯಸ್ಸಾದಂತೆ ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಕೂಲಂಟ್ ಪೈಪು, ಸಸ್ಪೆನ್ಷನ್ ಬುಶ್, ಪಂಕ್ಚರ್ ಆದರೂ ಓಡುವ ರನ್‌ಫ್ಲ್ಯಾಟ್ ಟೈರು ಎಲ್ಲಕ್ಕೂ ಹೊಸ ಕಾರಿನ ಓನರ್ ಕೊಡುವ ದುಡ್ಡನ್ನೇ ನಾನೂ ಕೊಡಬೇಕು.

ನೀರು ಕುಡಿದ ಗಾಡಿ

ಈ ನಡುವೆ ಒಂದು ಗಾಡಿ ನೋಡಿದೆ. ಯಾವುದು ಅಂತ ಹೆಸರು ಬೇಡ, ತಪ್ಪು ಕಾರಿನದಲ್ಲ. ಫಳಫಳ ಹೊಳೆಯುತ್ತಿತ್ತು, ಕಿಲೋಮೀಟರ್ ಕಡಿಮೆ, ಬೆಲೆಯೂ ಕಡಿಮೆ. ನನ್ನ ಜೊತೆ ಬಂದಿದ್ದ ಪರಿಚಯದ ಮೆಕ್ಯಾನಿಕ್ ಎಂಜಿನ್ ಕಡೆ ನೋಡಲೇ ಇಲ್ಲ. ಮುಂದಿನ ಸೀಟ್‌ಬೆಲ್ಟ್ ಕೊನೆವರೆಗೆ ಎಳೆದರು. ಒಳಗಿನ ಭಾಗದಲ್ಲಿ ಅಡ್ಡಕ್ಕೆ ಒಂದು ಕಂದು ಗೆರೆ. ಆಮೇಲೆ ಸೀಟಿನ ಹಳಿ ನೋಡಿದರು, ತುಕ್ಕು. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಬೆರಳಾಡಿಸಿದರು, ನುಣ್ಣನೆ ಕೆಸರಿನ ಪುಡಿ. "ನಡೀರಿ ಸರ್, ಟೀ ಕುಡಿಯೋಣ" ಅಂದರು. ಅಷ್ಟೇ ಅವರ ರಿಪೋರ್ಟ್.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ನೆಲಮಾಳಿಗೆಗಳಲ್ಲಿ ಎಷ್ಟು ದುಬಾರಿ ಕಾರುಗಳು ಮುಳುಗಿದ್ದವು ಅಂತ ನೆನಪಿದೆಯಲ್ಲ. ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ ಅದೇ ಕಥೆ. ಅವುಗಳಲ್ಲಿ ಎಲ್ಲವೂ ಗುಜರಿಗೆ ಹೋಗಿರುವುದಿಲ್ಲ. ಇಂಥ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು, ವೈರಿಂಗ್ ಎಲ್ಲ ಕಾರ್ಪೆಟ್ ಕೆಳಗೂ ಹಾದುಹೋಗಿರುತ್ತವೆ. ಒಮ್ಮೆ ಕೆಸರು ನೀರು ಹೊಕ್ಕರೆ ತೊಂದರೆ ಅವತ್ತೇ ಕಾಣಬೇಕೆಂದಿಲ್ಲ, ಎರಡು ವರ್ಷ ಬಿಟ್ಟೂ ಬರಬಹುದು.

ಹೊಸದರ ಲೆಕ್ಕ

ವರ್ಟಸ್ ಜಿಟಿ ಮ್ಯಾನುಯಲ್ ಓಡಿಸಿದೆ. ಎಂಜಿನ್ ಚುರುಕು. ಕಾಲು ಸಡಿಲಿಸಿದರೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾವಾಗಿ ಮಲಗುತ್ತವೆ, ಗೊತ್ತೇ ಆಗುವುದಿಲ್ಲ. 179 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ನಮ್ಮ ಬೀದಿಯ ಹಂಪ್‌ಗೂ ಜಗ್ಗುವುದಿಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ 5 ಸ್ಟಾರ್. 150 ಪಿಎಸ್ ಕಾರಿಗೆ ಹಿಂದೆ ಡ್ರಮ್ ಬ್ರೇಕ್ ಕೊಟ್ಟಿರುವುದು ಮಾತ್ರ ನನಗೆ ಸರಿ ಕಾಣಲಿಲ್ಲ. ನಿಲ್ಲುವುದು ಚೆನ್ನಾಗಿಯೇ ನಿಲ್ಲುತ್ತದೆ, ಆದರೂ ಜಿಟಿ ಅಂತ ಹೆಸರಿಟ್ಟ ಮೇಲೆ!

2025ರ ಸೆಪ್ಟೆಂಬರ್‌ನಿಂದ ಈ ಗಾತ್ರದ ಕಾರಿಗೆ ಸೆಸ್ ಸೇರಿ ಶೇ. 45 ಇದ್ದ ತೆರಿಗೆ ಶೇ. 40ಕ್ಕೆ ಇಳಿದಿದೆ. ಆದರೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಇದ್ದೇ ಇದೆಯಲ್ಲ. 10 ಲಕ್ಷ ದಾಟಿ 20 ಲಕ್ಷದೊಳಗಿನ ಕಾರಿಗೆ ಶೇ. 17. ಎಕ್ಸ್ ಶೋರೂಂ 18 ಲಕ್ಷ ಅಂದರೆ ಅದೊಂದೇ ಮೂರು ಲಕ್ಷ ದಾಟುತ್ತದೆ, ಮೇಲೆ ಸೆಸ್ಸು. ಇದೇ ರಾಜ್ಯದ ಹಳೆಯ ಕಾರಿನಲ್ಲಿ ಆ ದುಡ್ಡು ಯಾರೋ ಆಗಲೇ ಕಟ್ಟಿರುತ್ತಾರೆ. ನನ್ನ ಲೆಕ್ಕದಲ್ಲಿ ಹಳೆಯದರ ಅತಿ ದೊಡ್ಡ ಲಾಭ ಇದೇ.

ಆರ್‌ಎಸ್ ಸಿಕ್ಕಿತು

ಆರ್‌ಎಸ್ 230 ಇಲ್ಲಿ ಬಿಡುಗಡೆಯಾದದ್ದು 2017ರಲ್ಲಿ, ಬಂದದ್ದು ಕೆಲವೇ ನೂರು. ಹಾಗಾಗಿ ಬಣ್ಣ ಆರಿಸುವ ಮಾತೇ ಇಲ್ಲ, ಸಿಕ್ಕಿದ್ದೇ ಬಣ್ಣ. ಸಿಕ್ಕಿದ್ದು ಒಬ್ಬರೇ ಓನರ್, ಕೆಎ ನಂಬರ್, ಮೀಟರ್‌ನಲ್ಲಿ 60,000ಕ್ಕೆ ಸ್ವಲ್ಪ ಕಡಿಮೆ. ಹಿಂದಿನ ದಿನವೇ ಫೋನ್ ಮಾಡಿ, ದಯವಿಟ್ಟು ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂದಿದ್ದೆ. ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಓನರ್ ಕೀ ಕೊಟ್ಟು, "ಎಷ್ಟು ಬೇಕಾದ್ರೂ ಓಡಿಸಿ ಸರ್. ಎಣ್ಣೆ ಬಿಸಿ ಆಗೋವರೆಗೆ ಮಾತ್ರ ಜೋರಾಗಿ ತುಳೀಬೇಡಿ" ಅಂದರು. ಎಷ್ಟೋ ಸರ್ವಿಸ್ ಬಿಲ್ಲಿಗಿಂತ ಆ ಮಾತು ನನಗೆ ಜಾಸ್ತಿ ಇಷ್ಟವಾಯಿತು. ಬಿಲ್ಲುಗಳೂ ಇದ್ದವು ಅನ್ನಿ.

ತಣ್ಣನೆ ಎಂಜಿನ್ ಶುರುವಾದಾಗ ಚೈನಿನ ಕಟಕಟ ಇಲ್ಲ. ಈ 2.0 ಟಿಎಸ್‌ಐ ಎಂಜಿನ್ನಿನಲ್ಲಿ ನೋಡಬೇಕಾದ ಜಾಗ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಭಾಗ. ಕೂಲಂಟ್ ಸೋರಿದರೆ ಒಣಗಿದ ಗುಲಾಬಿ ಕಲೆ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿದೆವು, ಇಲ್ಲ. ಸ್ಕ್ಯಾನರ್ ಹಾಕಿದಾಗ ಕಂಟ್ರೋಲ್ ಯೂನಿಟ್‌ನಲ್ಲಿ ಉಳಿದಿದ್ದ ಕಿಲೋಮೀಟರ್ ಮೀಟರ್‌ಗೆ ಹೊಂದಿತು. ಪೇಂಟ್ ಗೇಜ್‌ನಲ್ಲಿ ಎಲ್ಲ ಕಡೆ 110ರಿಂದ 130 ಮೈಕ್ರಾನ್, ಎಡ ಹಿಂಬಾಗಿಲು ಮಾತ್ರ 300 ಮೇಲೆ, ಅಂದರೆ ಮತ್ತೆ ಬಣ್ಣ ಹೊಡೆಸಿದ್ದು. ಕೇಳಿದ ತಕ್ಷಣ, ಅಪಾರ್ಟ್‌ಮೆಂಟ್ ಕಂಬಕ್ಕೆ ತಾಗಿದ್ದು ಅಂತ ಹೇಳಿ ಇನ್ಶೂರೆನ್ಸ್ ಕ್ಲೇಮಿನ ಕಾಗದ ತೋರಿಸಿದರು. ಬಾಗಿಲು ಹಿಡಿದಿರುವ ಕಾರಿನ ಕಂಬದಲ್ಲಿ, ಕೀಲಿನ ಬೋಲ್ಟುಗಳಲ್ಲಿ ಸ್ಪ್ಯಾನರ್ ಗುರುತಿಲ್ಲ. ಒಪ್ಪಿದೆ.

ಓಡಿಸಿದಾಗ? ಎರಡನೇ ಗೇರಿನಲ್ಲಿ 350 ಎನ್‌ಎಂ ಮುಂದಿನ ಚಕ್ರಗಳಿಗೆ ಬಂದಾಗ ಸ್ಟೀರಿಂಗ್ ಸ್ವಲ್ಪ ಎಳೆಯುತ್ತದೆ. 330ಐಯ ನಯ ಇಲ್ಲ. ಟ್ರಾಫಿಕ್‌ನಲ್ಲಿ ತೆವಳುವಾಗ ಮಾತ್ರ ಗೇರ್‌ಬಾಕ್ಸ್ ಒಂದು ಸಲವೂ ತಡವರಿಸಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಸಾಮಾನ್ಯ ಆಕ್ಟೇವಿಯಾಗಿಂತ ತಗ್ಗು, ಆದ್ದರಿಂದ ಆಗುಂಬೆ ಘಾಟಿಯ 14 ತಿರುವುಗಳಿಗಿಂತ ನಮ್ಮ ಮನೆ ಮುಂದಿನ ಹಂಪ್ ದೊಡ್ಡ ಚಿಂತೆ. ಡಿಕ್ಕಿ 590 ಲೀಟರ್, ಅದರ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲೇಳುತ್ತದೆ. ಹಾಗೆ ನೋಡಿದರೆ ಇದು ಸೆಡಾನೇ ಅಲ್ಲ. ಊರಿಂದ ಅಡಿಕೆ ಮೂಟೆ ತರುವವನಿಗೆ ಆ ತಕರಾರು ಯಾಕೆ?

ಈಗ ಎಲ್ಲಿಗೆ ಬಂತು

ಟೋಕನ್ ಕೊಟ್ಟಾಗಿದೆ, ಷರತ್ತು ಕಾಗದದ ಮೇಲೆ ಬರೆದುಕೊಂಡಿದ್ದೇವೆ. 60,000ದ ಗೇರ್‌ಬಾಕ್ಸ್ ಎಣ್ಣೆ, ಫಿಲ್ಟರ್ ಅವರ ಖರ್ಚಿನಲ್ಲಿ, ನನ್ನ ಎದುರಿಗೆ ಆಗಬೇಕು. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಫಾರಂ 35 ಹಾಕಿ ಅದನ್ನು ತೆಗೆಸಿದ ಮೇಲೆ ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30. ಇನ್ಶೂರೆನ್ಸ್ 14 ದಿನದೊಳಗೆ ನನ್ನ ಹೆಸರಿಗೆ ಆಗಬೇಕು. ಅವರ ನೋ ಕ್ಲೇಮ್ ಬೋನಸ್ ಅವರದೇ, ಗಾಡಿ ಜೊತೆ ಬರುವುದಿಲ್ಲ. ಹಾಗಾಗಿ ಪ್ರೀಮಿಯಂ ಏರುತ್ತದೆ, ಅದನ್ನು ಬಜೆಟ್‌ನಲ್ಲಿ ಸೇರಿಸಿದ್ದೇನೆ.

ತಲೆಕೆಡಿಸುತ್ತಿರುವುದು ಪೆಟ್ರೋಲ್. ಈ ಎಂಜಿನ್‌ಗೆ 95 ಆಕ್ಟೇನ್ ಒಳ್ಳೆಯದು, ಎಕ್ಸ್‌ಪಿ95 ಥರದ್ದು ಹಾಕಿದರಾಯಿತು. ಆದರೆ 2017ರ ಗಾಡಿ, ಪಂಪಿನಲ್ಲಿ ಈಗ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಮೆಕ್ಯಾನಿಕ್ ಪ್ರಕಾರ ಸರ್ವಿಸ್ ಮಾಡುವಾಗಲೆಲ್ಲ ಇಂಧನದ ಪೈಪು, ಸೀಲು ನೋಡಿಕೊಳ್ಳಬೇಕು, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿಬಿಡಬಾರದು. ನಿಲ್ಲಿಸುವ ಉದ್ದೇಶ ನನಗಂತೂ ಇಲ್ಲ.

ಟೈರಿನ ಪಕ್ಕದಲ್ಲಿ 2319 ಅಂತ ಇದೆ, 2019ರ 23ನೇ ವಾರದ್ದು. ಟ್ರೆಡ್ ಇನ್ನೂ ಸವೆದಿಲ್ಲ, ಆದರೆ ವಯಸ್ಸಾಗಿ ರಬ್ಬರ್ ಗಟ್ಟಿಯಾಗಿದೆ. ನಾಲ್ಕೂ ಬದಲಿಸಬೇಕು ಅಂತ ಹೇಳಿ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡೆ. ಶನಿವಾರ ಜೆ.ಸಿ. ರೋಡಿಗೆ ಹೋಗಿ ರೇಟ್ ಕೇಳಬೇಕು.