ಬೇರು ಎಲ್ಲೈತಿ?

ಭಾನುವಾರ ಮಧ್ಯಾಹ್ನ ಅಕ್ಕನ ಫೋನ್ ಬಂದಾಗಿನಿಂದ ನನ್ನ ತಲೆಯಲ್ಲಿ ಅಣಬೆ ಬಿಟ್ಟು ಬೇರೇನೂ ಓಡುತ್ತಿಲ್ಲ. ಅವಳ ಮಗ ಲೇಔಟಿನ ಪಾರ್ಕಿನ ಹುಲ್ಲಿನಲ್ಲಿ ಎದ್ದಿದ್ದ ದೊಡ್ಡ ಬಿಳಿ ಅಣಬೆಗಳನ್ನು ಕಿತ್ತು ತಂದಿದ್ದ. ಮೊಬೈಲಿನ ಯಾವುದೋ ಆ್ಯಪಿಗೆ ಫೋಟೋ ಹಾಕಿದ, ಅದು ತಿನ್ನಬಹುದು ಅಂತ ತೋರಿಸಿತು, ಬೆಣ್ಣೆಯಲ್ಲಿ ಹುರಿದು ತಿಂದ. ಎರಡು ಗಂಟೆಯೊಳಗೆ ವಾಂತಿ ಶುರು. ಪುಣ್ಯಕ್ಕೆ ಅವತ್ತು ಅಕ್ಕನಿಗೆ ಉಪವಾಸ, ಭಾವ ಊರಲ್ಲಿ ಇರಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಹುಡುಗ ಸಲೈನ್ ಹಚ್ಚಿಸಿಕೊಂಡು ಬಾಡಿದ ಸೊಪ್ಪಿನ ಹಾಗೆ ಮಲಗಿದ್ದ.

ಡಾಕ್ಟರು ಒಂದೇ ಪ್ರಶ್ನೆ ಮೂರು ಸಲ ಕೇಳಿದರು. "ತಿಂದ ಮ್ಯಾಲೆ ಎಷ್ಟೊತ್ತಿಗೆ ವಾಂತಿ ಆತು?" ಅಕ್ಕನಿಗೆ ಸಿಟ್ಟು, ಔಷಧಿ ಕೊಡೋದು ಬಿಟ್ಟು ಗಂಟೆ ಲೆಕ್ಕ ಕೇಳ್ತಾರೆ ಅಂತ. ಆದರೆ ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಬೇಗ ವಾಂತಿ ಮಾಡಿಸುವ ಅಣಬೆ ಸಾಮಾನ್ಯವಾಗಿ ಹೊಟ್ಟೆ ಕರುಳನ್ನು ಹಿಂಡಿ ಬಿಡುತ್ತದೆ. ನಿಜವಾಗಿ ಜೀವ ತೆಗೆಯುವ ಅಮಾನಿಟಾ ಫ್ಯಾಲಾಯ್ಡಿಸ್‌ನಂಥವು ಆರು, ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ಏನೂ ಆಗದ ಹಾಗೆ ಸುಮ್ಮನಿರುತ್ತವೆ. ಆಮೇಲೆ ವಾಂತಿ ಭೇದಿ, ನಂತರ ಒಂದು ದಿನ ಗುಣ ಆದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಕುದಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಂತ ಬೇಗ ವಾಂತಿಯಾಯಿತು, ಇನ್ನೇನು ಭಯವಿಲ್ಲ ಅಂತ ಯಾರೂ ಮನೆಯಲ್ಲಿ ಕೂರಬೇಡಿ. ನಮ್ಮ ಹುಡುಗನನ್ನೂ ಎರಡು ದಿನ ಇಟ್ಟುಕೊಂಡು, ರಕ್ತ ಪರೀಕ್ಷೆ ಮಾಡಿಯೇ ಮನೆಗೆ ಕಳಿಸಿದರು.

ಅವತ್ತು ರಾತ್ರಿ ಅಕ್ಕನ ಅಡುಗೆಮನೆಯಲ್ಲಿ ಎರಡು ಅಣಬೆ ಉಳಿದಿದ್ದವು. ಒಂದರ ಕೊಡೆಯನ್ನು ಬಿಡಿಸಿ, ಲಗ್ನಪತ್ರಿಕೆಯ ಬಿಳಿ ಹಿಂಭಾಗದ ಮೇಲೆ ಕವುಚಿಟ್ಟು, ಮೇಲೆ ಸ್ಟೀಲಿನ ಬಟ್ಟಲು ಮುಚ್ಚಿಟ್ಟೆ. ಕೊಡೆಯ ಕೆಳಗಿನ ಪದರಗಳಿಂದ ಬೀಜದಂಥ ಪುಡಿ, ಅಂದರೆ ಬೀಜಕಣಗಳು, ರಾತ್ರಿಯಿಡೀ ಉದುರುತ್ತವೆ. ಬೆಳಿಗ್ಗೆ ಎತ್ತಿ ನೋಡಿದರೆ ಕಾಗದದ ಮೇಲೆ ಹಸಿರು. ಮಂಕು ಹಸಿರು, ಚಕ್ರದ ಅರೆಗಳ ಹಾಗೆ ಸಾಲು ಸಾಲು. ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅನ್ನುವ ಅಣಬೆಯ ಗುರುತು ಅದು. ಹುಲ್ಲಿನಲ್ಲಿ ಏಳುತ್ತದೆ, ಎಳೆಯದಿದ್ದಾಗ ಕೆಳಗಿನ ಪದರವೂ ಬಿಳಿಯೇ, ನೋಡೋಕೆ ಒಳ್ಳೆ ಮನುಷ್ಯನ ಹಾಗೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಈ ಹಸಿರು ಹೇಗೆ ಕಾಣಬೇಕು?

ಪಕ್ಕದ ಮನೆಯ ಕಾಕಾ ಬಂದು, ಹುಳ ತಿಂದ ಅಣಬೆ ಆದರೆ ಮನುಷ್ಯನೂ ತಿನ್ನಬಹುದು, ಬೆಳ್ಳಿ ನಾಣ್ಯ ಹಾಕಿ ಕುದಿಸಿ ನೋಡಬೇಕಿತ್ತು ಅಂತ ಅರ್ಧ ಗಂಟೆ ಹೇಳಿ ಹೋದರು. ಒಳ್ಳೆಯವರೇ, ರಾತ್ರಿ ಆಸ್ಪತ್ರೆಗೆ ಕಾರು ತೆಗೆದಿದ್ದು ಅವರೇ. ಆದರೆ ಈ ಎರಡೂ ಮಾತು ಸುಳ್ಳು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ತಿಂದು ಆರಾಮಾಗಿರುತ್ತದೆ. ಅಣಬೆಯ ವಿಷಕ್ಕೆ ಬೆಳ್ಳಿ ಕಪ್ಪಾಗುವುದೂ ಇಲ್ಲ.

ಬುಧವಾರ ಖಾನಾಪುರ ರಸ್ತೆಯಲ್ಲಿ ಅಣಬೆ ಮಾರುವ ಆಯಿ ಕೂತಿದ್ದು ಕಂಡಿತು. ಮಳೆಗಾಲದಲ್ಲಿ ಜಾಂಬೋಟಿ ಕಾಡಿನ ಕಡೆಯಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಹೊತ್ತು ಬರುವವರಲ್ಲಿ ಇವಳೂ ಒಬ್ಬಳು. ಮೂರು ವರ್ಷದಿಂದ ನೋಡುತ್ತಿದ್ದೇನೆ, ಕೊಂಡಿದ್ದು ಮಾತ್ರ ಒಮ್ಮೆಯೂ ಇಲ್ಲ. ಅವಳು ಅಳಂಬಿ ಅಂತಾಳೆ, ನಾವು ಅಣಬಿ ಅಂತೀವಿ. ಮೊಬೈಲ್ ತೆಗೆದು ಹುಡುಗ ತಿಂದ ಅಣಬೆಯ ಫೋಟೋ ತೋರಿಸಿದೆ. ಇದು ಯಾವುದು ಆಯಿ, ಅಂದೆ. ಅವಳು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ ಕೇಳಿದಳು.

"ಬೇರು ಎಲ್ಲೈತಿ?"

ಬೇರಿಲ್ಲ, ಮೇಲಿಂದ ಮುರಿದು ತಂದಾನ, ಅಂದೆ.

"ಬೇರಿಲ್ಲಂದ್ರ ನಾ ಏನ್ ಹೇಳ್ಲಿ ಯವ್ವಾ?" ಅಂದು ಫೋನ್ ವಾಪಸ್ ಕೊಟ್ಟಳು.

ಆಮೇಲೆ ತನ್ನ ಬುಟ್ಟಿಯಿಂದ ಒಂದನ್ನು ಎತ್ತಿ ನನ್ನ ಅಂಗೈ ಮೇಲಿಟ್ಟಳು. ಕೊಡೆಯ ನಡುವೆ ಮೊನಚು, ಕೆಳಗೆ ಗೇಣುದ್ದದ ಬಾಲ, ಅದಕ್ಕೆ ಇನ್ನೂ ಕೆಂಪು ಮಣ್ಣು. ಬೇರು ಕತ್ತರಿಸಿ ತೊಳೆದು ತಂದ ಅಣಬಿ ಯಾರ ಹತ್ರನೂ ತಗೋಬ್ಯಾಡ್ರಿ, ನಾ ಕೊಟ್ರೂ ತಗೋಬ್ಯಾಡ್ರಿ ಅಂದಳು.

ಈ ಮಾತು ವಾರವಿಡೀ ಕಿವಿಯಲ್ಲಿದೆ. ನಾವೆಲ್ಲ ಬಣ್ಣ ಕೇಳಿದೆವು, ಹೆಸರು ಕೇಳಿದೆವು. ಅವಳು ಕೇಳಿದ್ದು ಮಣ್ಣಿನೊಳಗಿನದನ್ನು. ಅಮಾನಿಟಾಗಳ ದೊಡ್ಡ ಗುರುತೂ ಅಲ್ಲೇ ಇರುತ್ತದೆ, ಅವುಗಳಲ್ಲಿ ಕೊಲ್ಲುವ ಜಾತಿಗಳಿಗೆ ಬುಡದಲ್ಲಿ ಚೀಲದಂಥ ಒಂದು ಸಿಪ್ಪೆ. ಮೇಲಿಂದ ಮುರಿದರೆ ಆ ಚೀಲ ನೆಲದಲ್ಲೇ ಉಳಿಯುತ್ತದೆ. ಅವಳ ಅಣಬೆಯ ಬಾಲ ನಿಜವಾಗಿ ಬೇರಲ್ಲ, ಅಣಬೆಗೆ ಬೇರು ಅನ್ನೋದೇ ಇಲ್ಲ. ಅದು ಕಾಂಡವೇ, ನೆಲದಡಿಯ ಗೆದ್ದಲಿನ ಗೂಡಿನಿಂದ ಮೇಲಕ್ಕೆ ಬಂದಿರುತ್ತದೆ. ಗೆದ್ದಲುಗಳು ಒಣ ಎಲೆ, ಕಟ್ಟಿಗೆ ಅಗಿದು ನುಂಗಿ, ಹೊರಹಾಕಿದ್ದರಿಂದ ರೊಟ್ಟಿಯ ಚೂರಿನ ಹಾಗಿರುವ ಒಂದು ಹಾಸು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ತಾವು ಅರಗಿಸಿಕೊಳ್ಳಲಾಗದ ಕಟ್ಟಿಗೆಯನ್ನು ಅದರಿಂದ ಮೆತ್ತಗೆ ಮಾಡಿಸಿಕೊಂಡು ಗೆದ್ದಲು ತಿನ್ನುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಅಣಬೆಗಳಿಗೆ ಟರ್ಮಿಟೋಮೈಸಿಸ್ ಅಂತ ಹೆಸರಿಟ್ಟರು. ಈ ಒಕ್ಕಲುತನ ಶುರುವಾಗಿ ಸುಮಾರು 3 ಕೋಟಿ ವರ್ಷ. ನಾವು ಬಿತ್ತೋಕೆ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ ಅಷ್ಟೇ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಬಟನ್ ಅಣಬೆಯನ್ನು ಶೆಡ್ಡಿನಲ್ಲಿ ಬೆಳೆದ ಹಾಗೆ ಇದನ್ನು ಬೆಳೆದು ಮಾರೋಕೆ ಇವತ್ತಿಗೂ ಆಗಿಲ್ಲ. ಗೆದ್ದಲು ಬೇಕು, ಅದರ ಗೂಡು ಬೇಕು, ಮಳೆ ಬೇಕು. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬರುತ್ತೇವಲ್ಲ, ಒಳಗೆ ಇಂಥ ಹೊಲ ಇರಬಹುದು ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಯಾರೂ ಹೇಳಿರಲಿಲ್ಲ ಅನ್ನೋದು ತಪ್ಪು. ಹೇಳುವವರ ಹತ್ತಿರ ನಾವು ಹೋಗಲಿಲ್ಲ. ನಮ್ಮಜ್ಜಿಯ ತವರು ಖಾನಾಪುರದ ಕಾಡಂಚಿನಲ್ಲೇ ಇತ್ತು, ಅವಳಿಗೆ ಇದೆಲ್ಲ ಗೊತ್ತಿತ್ತಂತೆ. ಅವ್ವನನ್ನು ಕೇಳಿದರೆ, "ನಮ್ಮಲ್ಲಿ ಅಣಬಿ ಮಾಡೂದಿಲ್ಲ" ಅಂತ ಒಂದೇ ಮಾತು. ಯಾಕೆ ಅಂದರೆ ಗೊತ್ತಿಲ್ಲ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ದ್ವಿಜರು ಬೆಳ್ಳುಳ್ಳಿ, ಉಳ್ಳಾಗಡ್ಡಿ, ಅಣಬೆ ತಿನ್ನಬಾರದು ಅಂತ ಒಟ್ಟಿಗೇ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಉಳ್ಳಾಗಡ್ಡಿ ಇಲ್ಲದೆ ಒಲೆಯೇ ಹತ್ತುವುದಿಲ್ಲ. ಆ ಮೂರರಲ್ಲಿ ಅಣಬೆ ಒಂದನ್ನು ಬಿಟ್ಟೆವು, ಅದರ ಜೊತೆ ಅಜ್ಜಿಗೆ ಗೊತ್ತಿದ್ದದ್ದನ್ನೂ ಬಿಟ್ಟೆವು. ಅಜ್ಜಿ ಇದ್ದಾಗ ಅವಳಿಂದ ಯಾರೂ ಕಲಿಯಲಿಲ್ಲ ಅನ್ನೋದು ನನಗೆ ನಿಜಕ್ಕೂ ಸಂಕಟ. ಕಲಿತಿದ್ದರೆ ಹುಡುಗನ ಕೈಯಲ್ಲಿ ಆ್ಯಪ್ ಒಂದೇ ಇರುತ್ತಿರಲಿಲ್ಲ.

ನನ್ನ ಜೊತೆಗೇ ನಿಂತಿದ್ದ ಒಬ್ಬರು ಆಯಿಯ ಜೊತೆ ಇಪ್ಪತ್ತು ರೂಪಾಯಿಗೆ ಜಗ್ಗಾಡುತ್ತಿದ್ದರು. ಕಾಡಲ್ಲಿ ಸುಮ್ನೆ ಸಿಗ್ತದ, ನಿಮಗೇನ್ ಖರ್ಚು ಅಂತ. ನನಗೆ ತಡೆಯೋಕಾಗಲಿಲ್ಲ, ಹಾಗೆ ಅನ್ನಬ್ಯಾಡ್ರಿ ಅಂದೆ. ನಸುಕಿನಲ್ಲಿ ಉಂಬಳ ಕಚ್ಚಿಸಿಕೊಂಡು ಹುಡುಕಬೇಕು, ಕೊಡೆ ಪೂರ್ತಿ ಬಿಚ್ಚಿ ಕೊಳೆಯುವ ಮೊದಲು ಬಸ್ ಹಿಡಿಯಬೇಕು, ಒಂದು ತಪ್ಪಾದರೆ ಯಾರದೋ ಮನೆಯಲ್ಲಿ ಸಾವು. ಅಷ್ಟು ಜವಾಬ್ದಾರಿ ಹೊತ್ತು ರಸ್ತೆಯಲ್ಲಿ ಕೂತವಳಿಗೆ ಖರ್ಚೇನು ಅಂತ ಕೇಳ್ತಾರಲ್ಲ.

ಆಯಿಯಿಂದ ತಂದ ಅಣಬೆಗೆ ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲಿ ಖಾರ ಹಾಕಿ ಪಲ್ಯ ಮಾಡಿದೆ. ಅವ್ವ ಮೊದಲು ವಾಸನೆ ನೋಡಿದಳು, ಆಮೇಲೆ ರೊಟ್ಟಿಯ ಒಂದು ತುತ್ತು ಅದ್ದಿ ತಿಂದು ಏನೂ ಅನ್ನದೆ ಇನ್ನೊಂದು ತುತ್ತು ಮುರಿದಳು. ಒಂದು ಕೊಡೆಯನ್ನು ಮಾತ್ರ ಎತ್ತಿಟ್ಟು, ಅದೇ ಲಗ್ನಪತ್ರಿಕೆಯ ಇನ್ನೊಂದು ತುದಿಯಲ್ಲಿ ಕವುಚಿಟ್ಟಿದ್ದೆ. ಬೆಳಿಗ್ಗೆ ಕೆನೆಗೆ ಚೂರು ಗುಲಾಬಿ ಬೆರೆಸಿದ ಬಣ್ಣ ಬಿದ್ದಿತ್ತು, ಹಸಿರಿನ ಪಕ್ಕದಲ್ಲೇ.

ನಿನ್ನೆ ಸಂಜೆ ಹುಡುಗ ಬಂದಿದ್ದ, ಇನ್ನೂ ಮುಖ ಇಳಿದೇ ಇದೆ. ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬಣ್ಣವನ್ನು ಬಹಳ ಹೊತ್ತು ನೋಡಿದ. ಫೋಟೋ ತೆಗೆಯಲಿಲ್ಲ. ಆಮೇಲೆ ಕೇಳಿದ, "ಮೌಶಿ, ಇದರ ಬೇರು ಇಟ್ಟೀಯೇನು?"

ಇಟ್ಟಿರಲಿಲ್ಲ. ಶನಿವಾರ ಆಯಿ ಮತ್ತೆ ಬರುತ್ತಾಳೆ, ಅವನನ್ನೂ ಕರೆದುಕೊಂಡು ಹೋಗುತ್ತೇನೆ.