ಲಿಫ್ಟ್ ಇಲ್ಲದೆ ಮನೆಯಲ್ಲೇ ಚಾಸಿ ಬದಲಿಸುವುದು

ತುಕ್ಕು ಹಿಡಿದ ಚಾಸಿಯನ್ನು, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟನ್ನು, ಹೊರಗಿನ ಬಣ್ಣ ನೋಡಿ ನಂಬಬೇಡಿ. ಪೆಟ್ಟಿಗೆಯಂತಿರುವ ಉದ್ದದ ಎರಡು ತೊಲೆಗಳು ಸಾಮಾನ್ಯವಾಗಿ ಒಳಗಿನಿಂದ ಸವೆಯುತ್ತವೆ: ಕೆಸರು ಸೇರಿಕೊಂಡು ನೀರು ಇಳಿಯುವ ತೂತುಗಳು ಮುಚ್ಚುತ್ತವೆ, ಆ ಒದ್ದೆ ಮಣ್ಣು ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಸುತ್ತಿಗೆ ಹಿಡಿದು ತೊಲೆಯ ಅಡಿಭಾಗವನ್ನು ಗೇಣಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಸವೆದಿದ್ದರೆ ದಬ್ ಎಂಬ ಮಂಕು ಸದ್ದು ಬರುತ್ತದೆ, ಹಿಂದೆಯೇ ಒಳಗೆ ಪದರಗಳು ಸರಸರ ಉದುರುವುದು ಕೇಳುತ್ತದೆ. ಒಂದೆರಡು ಕಡೆ ತೂತಾಗಿದ್ದರೆ ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಬಹುದು. ಸ್ಪ್ರಿಂಗ್ ಚಾಸಿಗೆ ಸೇರುವ ಹ್ಯಾಂಗರ್, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಬಾಡಿಯನ್ನು ಚಾಸಿಗೆ ಬಿಗಿಯುವ ಬಾಡಿ ಮೌಂಟ್ ಮೂರೂ ಹೋಗಿದ್ದರೆ ತೇಪೆಗೆ ಅರ್ಥವಿಲ್ಲ, ಚಾಸಿಯನ್ನೇ ಬದಲಿಸಬೇಕು. ಇಲ್ಲಿ ಹೇಳುವುದೆಲ್ಲ ಬಾಡಿ ಬೇರೆ, ಚಾಸಿ ಬೇರೆ ಇರುವ ಜೀಪು, ಪಿಕಪ್‌ಗಳಿಗೆ ಮಾತ್ರ.

ಚಾಸಿ ನಂಬರ್ ಅನೇಕ ಗಾಡಿಗಳಲ್ಲಿ ತೊಲೆಯ ಮೇಲೆಯೇ ಕೊರೆದಿರುತ್ತದೆ. ನೋಂದಣಿ ಕಚೇರಿಯ ಒಪ್ಪಿಗೆ ಪಡೆಯದೆ ಕೆಲಸ ಶುರು ಮಾಡಬೇಡಿ. ಹಳೆಯ ನಂಬರನ್ನು ಕತ್ತರಿಸಿ ಹೊಸದಕ್ಕೆ ಅಂಟಿಸುವುದು ಬಹಳ ಕಡೆ ಅಪರಾಧ.

ಲಿಫ್ಟ್ ಇಲ್ಲದಿರುವಾಗ ಬಾಡಿಯನ್ನು ಎತ್ತಿ ನಿಲ್ಲಿಸಿ, ಚಾಸಿಯನ್ನು ಅದರ ಚಕ್ರಗಳ ಮೇಲೆಯೇ ಉರುಳಿಸಿ ಹೊರಗೆ ತೆಗೆಯುವುದು ಒಳ್ಳೆಯ ದಾರಿ. ಚಾಸಿ ಮುಂದಕ್ಕೇ ಹೊರಬರಲಿ. ಬಾನೆಟ್, ಮುಂದಿನ ಮಡ್‌ಗಾರ್ಡ್, ರೇಡಿಯೇಟರ್ ಬಿಚ್ಚಿಟ್ಟರೆ ಎಲ್ಲಕ್ಕಿಂತ ಎತ್ತರದ ಎಂಜಿನ್ ಬಾಡಿಯ ಕೆಳಗೆ ತೂರಬೇಕಾಗಿಲ್ಲ, ಗೇರ್‌ಬಾಕ್ಸ್, ಹಿಂದಿನ ಚಕ್ರಗಳು ನುಸುಳುವಷ್ಟು ಎತ್ತರ ಸಾಕು. ಹಿಂದಕ್ಕೆ ಎಳೆದರೆ ಎಂಜಿನ್‌ನಷ್ಟೇ ಎತ್ತರಕ್ಕೆ ಬಾಡಿ ಏರಿಸಬೇಕಾಗುತ್ತದೆ.

ಬೋಲ್ಟ್‌ಗಳಿಗೆ ಒಂದು ವಾರ ಮೊದಲೇ ತುಕ್ಕು ಸಡಿಲಿಸುವ ಎಣ್ಣೆಯನ್ನು ದಿನವೂ ಹಾಕುತ್ತಾ ಬನ್ನಿ. ಬಾಡಿ ಮೌಂಟ್ ಬೋಲ್ಟ್‌ನ ನಟ್ ಬಹಳ ಗಾಡಿಗಳಲ್ಲಿ ಬಾಡಿಯೊಳಗಿನ ಪಂಜರದಲ್ಲಿ ಕೂತಿರುತ್ತದೆ. ಪಂಜರ ತುಕ್ಕಾಗಿದ್ದರೆ ಜೋರಾಗಿ ತಿರುವಿದಾಗ ಬೋಲ್ಟ್ ಜೊತೆಗೆ ನಟ್ಟೂ ಸುತ್ತುತ್ತದೆ, ಆಮೇಲೆ ಬಾಡಿ ನೆಲದ ತಗಡನ್ನು ಕತ್ತರಿಸಿಯೇ ಅದನ್ನು ಹಿಡಿಯಬೇಕು. ಆದ್ದರಿಂದ ಕಾಲು ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಮತ್ತೆ ಎಣ್ಣೆ ಹಾಕಿ ನಿಧಾನಕ್ಕೆ ಬರಲಿ. ಯಾವ ಮೌಂಟ್‌ನ ಕೆಳಗೆ ಎತ್ತರ ಸರಿಮಾಡುವ ತಗಡಿನ ಬಿಲ್ಲೆ (ಶಿಮ್) ಎಷ್ಟು ಇತ್ತು ಎಂಬುದನ್ನು ಫೋಟೋ ತೆಗೆದು, ಅವನ್ನು ನಂಬರ್ ಹಾಕಿದ ಚೀಲದಲ್ಲಿ ಇಡಿ. ಅವು ಅದಲುಬದಲಾದರೆ ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ.

ಕಾಯಿಸಲು ಬೆಂಕಿ ಅಥವಾ ಗ್ರೈಂಡರ್ ಹಿಡಿಯುವ ಮೊದಲು ಇಂಧನದ ಟ್ಯಾಂಕನ್ನು ಖಾಲಿ ಮಾಡಿ, ಬಿಚ್ಚಿ ದೂರ ಇಡಿ. ಪೆಟ್ರೋಲ್ ಬಸಿದ ಟ್ಯಾಂಕಿನಲ್ಲಿ ಉಳಿಯುವ ಆವಿ ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಕಳಚಲಿ. ಏಸಿ ಇದ್ದರೆ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರ ಇರುವವರಿಂದ ತೆಗೆಸಿ. ಸ್ಟೀರಿಂಗ್ ನೇರ ಇಟ್ಟು ಲಾಕ್ ಮಾಡಿ, ಶಾಫ್ಟ್ ಕೂಡುವಲ್ಲಿ ಗುರುತು ಹಾಕಿ ಬಿಚ್ಚಿ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಹೀಗೆ ಬಿಚ್ಚಿರುವಾಗ ಸುತ್ತಿಬಿಟ್ಟರೆ ಒಳಗಿನ ಸುರುಳಿ ವೈರ್ ಹರಿಯುತ್ತದೆ. ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಕ್ಲಚ್, ಗೇರ್ ಲಿವರ್, ಹೀಟರ್ ಹೋಸು, ಎಂಜಿನ್‌ನ ವೈರಿಂಗ್ ಸಾಕೆಟ್ಟು, ಬಾಡಿಯಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ, ಇವನ್ನೆಲ್ಲ ಬಿಡಿಸಿಯಾಯಿತೇ ಎಂದು ಎರಡು ಸಲ ನೋಡಿ. ಬಹಳ ಜನ ಮರೆಯುವುದು ಆ ಅರ್ಥ್ ಪಟ್ಟಿಯನ್ನೇ.

ಈಗ ಎತ್ತುವ ಕೆಲಸ. ನೆಲ ಸಮನಾದ ಕಾಂಕ್ರೀಟ್ ಆಗಿರಬೇಕು. ಬಾಡಿಯ ಕೆಳಗೆ ಅಡ್ಡ ಕೊಡಲು, ಗಾಡಿಯ ಅಗಲಕ್ಕಿಂತ ಎರಡೂ ಕಡೆ ಎರಡೆರಡು ಅಡಿ ಹೆಚ್ಚು ಉದ್ದದ ಎರಡು ಗಟ್ಟಿ ತೊಲೆಗಳು ಬೇಕು, ಉಕ್ಕಿನ ಚಾನೆಲ್ ಆದರೆ ಉತ್ತಮ. ಅಷ್ಟು ಉದ್ದ ಏಕೆಂದರೆ ತೊಲೆ ಹೊರುವ ಮರದ ಗೂಡುಗಳು ಚಕ್ರಗಳ ಆಚೆ ನಿಲ್ಲಬೇಕು, ಇಲ್ಲದಿದ್ದರೆ ಚಾಸಿ ಉರುಳಿ ಬರಲು ದಾರಿಯೇ ಇರುವುದಿಲ್ಲ. ಈ ತೊಲೆಯನ್ನು ಬಾಡಿ ನೆಲದ ತೆಳು ತಗಡಿಗೆ ಕೊಡಬೇಡಿ. ಬಾಡಿ ಮೌಂಟ್ ಹತ್ತಿರದ ಅಡ್ಡಪಟ್ಟಿಗಳ ಕೆಳಗೆ, ನಡುವೆ ಮರದ ತುಂಡು ಇಟ್ಟು ಕೊಡಿ. ಬಾಗಿಲುಗಳನ್ನು ಮುಚ್ಚಿ ಚಿಲಕ ಬೀಳಿಸಿಡಿ. ತೆರೆದ ಜೀಪಾದರೆ ಬಾಗಿಲ ಬಾಯಿಗೆ ಅಡ್ಡಲಾಗಿ ಚೌಕ ಪೈಪು ಬಿಗಿಯಿರಿ, ಇಲ್ಲದಿದ್ದರೆ ಬಾಡಿ ನಡುವೆ ಜಗ್ಗುತ್ತದೆ.

ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಂದು ಮೂಲೆಯನ್ನು 5 ಸೆಂ.ಮೀ. ಏರಿಸಿ, ಅಡಿಗೆ ಮರ ಕೊಟ್ಟು, ಮುಂದಿನ ಮೂಲೆಗೆ ಹೋಗಿ. 100×100 ಮಿ.ಮೀ.ನ, 60 ಸೆಂ.ಮೀ. ಉದ್ದದ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದ ಗೂಡು ಭಾರ ಹೊರಲಿ. ಗೂಡಿನ ಎತ್ತರ ಅದರ ಅಗಲದ ಎರಡರಷ್ಟನ್ನು ದಾಟದಿರಲಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಖಂಡಿತ ಬೇಡ. ಅವು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಎತ್ತುವಾಗ ಒಬ್ಬರು ಸುಮ್ಮನೆ ಸುತ್ತ ನಡೆಯುತ್ತಾ ಎಲ್ಲಿ ವೈರ್ ಬಿಗಿಯಾಗುತ್ತಿದೆ, ಎಲ್ಲಿ ಹೋಸ್ ಸಿಕ್ಕಿದೆ ಎಂದು ನೋಡುತ್ತಿರಲಿ. ಎತ್ತುತ್ತಿರುವ ಬಾಡಿಯ ಕೆಳಗೆ ಯಾರೂ ತಲೆ ಹಾಕಬಾರದು.

ಚಾಸಿ ಹೊರಬಂದ ಮೇಲೆ ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆಯಿರಿ. ಮುಂದೆ ಎಡಬಲದ ಒಂದು ಜೋಡಿ, ಹಿಂದೆ ಎಡಬಲದ ಒಂದು ಜೋಡಿ ತೂತು ಆರಿಸಿ, ಅವುಗಳ ನಡುವಿನ ಎರಡು ಕರ್ಣಗಳು ಸಮವಿರಬೇಕು. ಒಂದು ಹೆಚ್ಚು ಕಡಿಮೆ ಇದ್ದರೆ ಚಾಸಿ ಓರೆಯಾಗಿದೆ, ಏನನ್ನೂ ಜೋಡಿಸಬೇಡಿ. ಬೋಲ್ಟ್ ಕೂರುವ ಎಲ್ಲ ಮರೆಗಳಿಗೂ (ಥ್ರೆಡ್) ಸರಿಯಾದ ಅಳತೆಯ ಟ್ಯಾಪ್, ಅಂದರೆ ಮರೆ ಕೊರೆಯುವ ಉಪಕರಣ, ಹಾಕಿ ಪೇಂಟ್ ತೆಗೆಯಿರಿ. ತೊಲೆಯ ಒಳಕ್ಕೆ ಉದ್ದ ನಳಿಕೆಯಿಂದ ಮೇಣದ ದ್ರವ ಚಿಮ್ಮಿಸಿ, ನೀರಿನ ತೂತುಗಳು ತೆರೆದೇ ಇರಲಿ.

ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಹಳೆಯ ಚಾಸಿಯಿಂದ ಹೊಸದಕ್ಕೆ ಸಾಗಿಸುವಾಗ, ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವ ಯು-ಬೋಲ್ಟ್, ಬಾಡಿ ಮೌಂಟ್ ರಬ್ಬರ್, ಬ್ರೇಕ್ ಪೈಪು ಹೊಸದಾಗಿರಲಿ. ಪೈಪಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹವೇ ಲೇಸು, ಬಗ್ಗಿಸಲು ಸುಲಭ, ತುಕ್ಕು ಹಿಡಿಯುವುದಿಲ್ಲ. ಸ್ಪ್ರಿಂಗ್ ತುದಿಯಲ್ಲಿರುವ ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಸಡಿಲ ಇಟ್ಟು, ಗಾಡಿಯ ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲೆಯೇ ಬಿಗಿಯಬೇಕು. ಸ್ಪ್ರಿಂಗ್ ಇಳಿಬಿದ್ದಿರುವಾಗ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಾಡಿ ಇಳಿಸುವಾಗಲೂ ಹಾಗೇ: ಮೌಂಟ್ ಬೋಲ್ಟ್‌ಗಳೆಲ್ಲ ಕೈಯಲ್ಲೇ ಎರಡು ಮೂರು ಮರೆ ಹಿಡಿಯುವ ತನಕ ಒಂದನ್ನೂ ಬಿಗಿಯಬೇಡಿ.

ಬ್ರೇಕಿನ ಗಾಳಿ ತೆಗೆದ ಮೇಲೆ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಪೆಡಲ್ ಮೆಲ್ಲಗೆ ಇಳಿದರೆ ಎಲ್ಲೋ ಸೋರುತ್ತಿರಬಹುದು, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿ; ಎಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿರಬಹುದು. ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಯು-ಬೋಲ್ಟ್, ಬಾಡಿ ಮೌಂಟ್‌ಗಳನ್ನು 500 ಕಿ.ಮೀ. ಓಡಿದ ಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿಯಿರಿ, ಹೊಸ ರಬ್ಬರ್ ಅಷ್ಟರಲ್ಲಿ ಸ್ವಲ್ಪ ಅಮುಕಿಕೊಂಡಿರುತ್ತದೆ.